ಅವಳದೇ ಅರ್ಧ ಪೆನ್ನಿ

ಲೆನ್ ಡೌಸ್‌ನ ಮಣ್ಣಾಗಿ ಹನ್ನೊಂದು ದಿನವಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಕ್ಲೈವ್ ಆಡ್ಲಿಂಗ್ ಬಂದು ಲೆನ್‌ನ ಹೆಂಡತಿ ಥೆಲ್ಮಾಳ ಹಿಂಬಾಗಿಲು ತಟ್ಟಿದ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ದಿನಗಳಲ್ಲಿ ನಾನು ಹೆಚ್ಚಾಗಿ ಅವಳ ಅಡುಗೆಮನೆಯಲ್ಲೇ ಇರುತ್ತಿದ್ದೆ. ಕ್ಲೈವ್ ನಮ್ಮ ಥಾರ್ಸ್‌ಬೆಕ್‌ನ ಡಿಟೆಕ್ಟರ್ ಸಂಘದ ಅಧ್ಯಕ್ಷ. ಉತ್ತ ಹೊಲಗಳಲ್ಲಿ ಲೋಹ ಪತ್ತೆಹಚ್ಚುವ ಯಂತ್ರ ಆಡಿಸುತ್ತಾ ಹಳೆಯ ನಾಣ್ಯ, ಗುಂಡಿ, ಬಕಲ್ ಹುಡುಕುವ ಮೂವತ್ತು ಗಂಡಸರ ಸಂಘ ಅದು. ಲೆನ್ ಅದರಲ್ಲಿ ಇಪ್ಪತ್ತು ವರ್ಷ ಇದ್ದವನು.

ಕ್ಲೈವ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಲೆನ್‌ದು ಆ ಡಿಟೆಕ್ಟರ್ ಇದ್ಯಲ್ಲ ಥೆಲ್ಮಾ, ಮೂಲೇಲಿ ಸುಮ್ನೆ ಬಿದ್ದಿರುತ್ತೆ. ಸಂಘಕ್ಕೆ ಕೊಟ್ಬಿಡು. ಹೊಸದಾಗಿ ಸೇರೋರಿಗೆ ಆಗುತ್ತೆ."

ಥೆಲ್ಮಾ ಆಲೂಗಡ್ಡೆ ಹೆರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಸುಮ್ನೆ ಯಾಕೆ ಬಿದ್ದಿರುತ್ತೆ?"

"ಮತ್ತೆ ನೀನೇನು ಮಾಡ್ತೀಯ ಅದನ್ನ ಇಟ್ಕೊಂಡು? ಅದು ಅಭ್ಯಾಸ ಬೇಕಾದ ಕೆಲ್ಸ. ಭಾರ ಬೇರೆ."

"ಮೂವತ್ತೆರಡು ವರ್ಷ ಆಸ್ಪತ್ರೇಲಿ ನೆಲ ಉಜ್ಜೋ ಯಂತ್ರ ತಳ್ಳಿದೀನಿ ಕ್ಲೈವ್. ಅದಕ್ಕಿಂತ ಭಾರನಾ?"

ಅವನು ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

"ಭಾನುವಾರ ಎಷ್ಟು ಗಂಟೆಗೆ ಸೇರ್ತೀರಿ?" ಎಂದು ಅವಳು ಕೇಳಿದಳು.

"ಎಂಟಕ್ಕೆ. ಯಾಕೆ?"

"ಬರ್ತೀನಿ."

ಅವಳಿಗೆ ಆಗ ಅರವತ್ತೆಂಟು. ಗಿಡ್ಡ ಮೈಕಟ್ಟು, ಅಗಲ ಹೆಗಲು, ವರ್ಷಗಟ್ಟಲೆ ಬ್ಲೀಚಿನಲ್ಲಿ ಅದ್ದಿ ಕೆಂಪಗಾದ ಬೆರಳುಗಳು. ಕಾರು ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಆ ಭಾನುವಾರದಿಂದ ಅವಳ ಸಾರಥಿ ನಾನಾದೆ. ನನಗೆ ಈ ಹುಡುಕಾಟದಲ್ಲಿ ಆಸಕ್ತಿಯಿರಲಿಲ್ಲ. ಕಾರಿನಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ, ಬಿಸಿಲಿದ್ದರೆ ಹೊಲದ ಬದುವಿನ ಮೇಲೆ ನಡೆಯುತ್ತಿದ್ದೆ.

ಮೊದಲ ದಿನವೇ ಕ್ಲೈವ್ ಚಹಾದ ಪೆಟ್ಟಿಗೆಯ ಬೀಗದ ಕೈಯನ್ನು ಅವಳ ಕೈಗೆ ಕೊಡಲು ಬಂದ. ಸದಸ್ಯರ ಹೆಂಡಂದಿರು ಬಂದಾಗ ಚಹಾ ಮಾಡಿ ಕೊಡುವ ಕೆಲಸ ಅವರದೇ ಎಂಬುದು ಅಲ್ಲಿಯ ರೂಢಿ. ಥೆಲ್ಮಾ ಬೀಗದ ಕೈಯನ್ನು ನೋಡಿದಳು, ಅವನನ್ನು ನೋಡಿದಳು. "ನಂಗೆ ಫ್ಲಾಸ್ಕ್ ಇದೆ" ಎಂದು ಹೇಳಿ, ಯಂತ್ರ ಹೆಗಲಿಗೇರಿಸಿ ಹೊಲಕ್ಕೆ ಇಳಿದಳು.

ಆ ವರ್ಷ ಅವಳಿಗೆ ಸಿಕ್ಕಿದ್ದು ಹೆಚ್ಚೇನಲ್ಲ. ಟ್ರ್ಯಾಕ್ಟರಿನ ಬೋಲ್ಟು, ಬಂದೂಕಿನ ತೋಟಾಗಳ ತಳ, ಸವೆದ ಕೆಲವು ತಾಮ್ರದ ಪೆನ್ನಿಗಳು. ಆದರೆ ಅವಳು ಮಾಡಿದ ತಪ್ಪನ್ನು ನಾನು ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು.

ಲೆನ್ ತನಗೆ ಸಿಕ್ಕ ತಾಮ್ರದ ನಾಣ್ಯಗಳನ್ನೆಲ್ಲ ಒಂದು ತಂಬಾಕಿನ ಡಬ್ಬಿಯಲ್ಲಿ ಇಟ್ಟಿದ್ದ, ಮಣ್ಣು ಕೂಡ ತೆಗೆಯದೆ. ನಲವತ್ತೋ ಐವತ್ತೋ ಇದ್ದವು. ಎಲ್ಲ ಹಸಿರು ಕಿಲುಬು ಹಿಡಿದವು. ಒಂದು ಶನಿವಾರ ಮಧ್ಯಾಹ್ನ ಥೆಲ್ಮಾ, ಗಂಡನ ನೆನಪಿಗೆ ಏನಾದರೂ ಮಾಡಬೇಕೆಂದುಕೊಂಡು, ಡಬ್ಬಿಯನ್ನು ಸಿಂಕಿನಲ್ಲಿ ಸುರಿದಳು. ವಿನೆಗರ್ ಹಾಕಿದಳು, ಉಪ್ಪು ಹಾಕಿದಳು, ಪಾತ್ರೆ ಉಜ್ಜುವ ಕಬ್ಬಿಣದ ನಾರು ತೆಗೆದುಕೊಂಡು ಗಸಗಸ ತಿಕ್ಕಿದಳು. ಕೊಳೆ ಕಂಡರೆ ತಿಕ್ಕುವುದೇ ಅವಳಿಗೆ ಗೊತ್ತಿದ್ದ ವಿದ್ಯೆ. ಅರ್ಧ ಗಂಟೆಯಲ್ಲಿ ನಾಣ್ಯಗಳೆಲ್ಲ ಎಳೆಮಗುವಿನ ಚರ್ಮದಂತೆ ನಸುಗೆಂಪಾಗಿ ಹೊಳೆದವು. ಆದರೆ ಒಂದರ ಮೇಲೂ ಮುಖವಿರಲಿಲ್ಲ. ಕಿಲುಬಿನ ಪದರದಲ್ಲೇ ಉಳಿದುಕೊಂಡಿದ್ದ ರಾಜರ ಮೂಗು, ಕಿರೀಟ, ಅಕ್ಷರ, ಇಸವಿ ಎಲ್ಲವೂ ಕಿಲುಬಿನ ಜೊತೆಗೇ ಕೊಚ್ಚಿ ಹೋಗಿದ್ದವು.

ನನ್ನನ್ನು ಗೋಡೆ ತಟ್ಟಿ ಕರೆದಳು. ಹೋದಾಗ ಸಿಂಕಿನ ಮುಂದೆ ನಿಂತಿದ್ದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಪ್ಪತ್ತು ವರ್ಷ ಆ ಮನುಷ್ಯ ಒಂದನ್ನೂ ತೊಳೀಲಿಲ್ಲ. ಸೋಂಬೇರಿ ಅಂದ್ಕೊಂಡಿದ್ದೆ" ಎಂದಳು. "ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ."

ಮರುದಿನ ಸಂಘದಲ್ಲಿ ಅದನ್ನು ತೋರಿಸಿದಾಗ ಕ್ಲೈವ್, "ಪರವಾಗಿಲ್ವೇ, ಚೆನ್ನಾಗಿ ಹೊಳೀತಿವೆ" ಎಂದ. ಅವನು ನಾಣ್ಯ ತೊಳೆಯುವ ರೀತಿಯೂ ಹೆಚ್ಚುಕಡಿಮೆ ಅದೇ: ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪುನೀರು, ಅದಕ್ಕೆ ಬ್ಯಾಟರಿ ಚಾರ್ಜರಿನ ಎರಡು ತಂತಿ, ಐದು ನಿಮಿಷ ಗುಳುಗುಳು. ಇಡೀ ಸಂಘ ತಮ್ಮ ನಾಣ್ಯಗಳನ್ನು ಅವನ ಡಬ್ಬಿಗೇ ಹಾಕಿಸುತ್ತಿತ್ತು.

ಥೆಲ್ಮಾ ಮಾತ್ರ ಅಂದಿನಿಂದ ಬೇರೆ ದಾರಿ ಹಿಡಿದಳು. ಹಿಂದೆ ಅವಳು ಸಂಜೆ ಹೊತ್ತು ಕೆಲಸ ಮಾಡುತ್ತಿದ್ದ ದಂತವೈದ್ಯನ ಕ್ಲಿನಿಕ್ಕಿನ ಮುದುಕ ವೈದ್ಯ ಇನ್ನೂ ಬದುಕಿದ್ದ. ಅವನ ಬಳಿ ಹೋಗಿ, ತಲೆಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಭೂತಗನ್ನಡಿ ಕೇಳಿ ತಂದಳು. ಮೋಟಾರು ಅಂಗಡಿಯಿಂದ ಕಾರಿನ ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದಳು. ಅದರಲ್ಲಿ ನಾಣ್ಯ ನೆನೆಹಾಕುವುದು, ವಾರಕ್ಕೊಮ್ಮೆ ನೀರು ಬದಲಿಸುವುದು, ಒಣಗಿಸಿ ನೋಡುವುದು, ಮತ್ತೆ ನೆನೆಹಾಕುವುದು. ಕೆರೆಯಲು ಸೂಜಿಯಲ್ಲ, ಮುಳ್ಳು. ಬೇಲಿಯ ಕರಿಮುಳ್ಳು ಮಣ್ಣಿಗಿಂತ ಗಟ್ಟಿ, ಕಿಲುಬಿಗಿಂತ ಮೆದು ಎನ್ನುವುದನ್ನು ಅವಳು ಮುಖವಿಲ್ಲದ ಆ ನಾಣ್ಯಗಳ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡಳು. ಒಂದು ಮುಳ್ಳು ಹತ್ತು ಸಲ ಗೀರಿದರೆ ಮೊಂಡಾಗುತ್ತದೆ. ಅದನ್ನು ಎಸೆದು ಇನ್ನೊಂದು ತೆಗೆದುಕೊಳ್ಳಬೇಕು.

"ಬದುಕಿಡೀ ಬೇಗ ಬೇಗ ಒರೆಸು ಅಂತ ನನ್ನ ಹಿಂದೆ ಬಿದ್ದಿದ್ರು" ಎಂದು ಒಮ್ಮೆ ಹೇಳಿದಳು. "ಈಗ ಯಾವನೂ ಹೇಳಲಿ ನೋಡೋಣ."

ಮುಂದಿನ ಫೆಬ್ರವರಿಯಲ್ಲಿ ವಿಲ್ಫ್ ಮಾಲ್ಟ್‌ಬಿಯ ಹೊಲದಲ್ಲಿ, ಹಿಂದೆ ಪೇಟೆಗೆ ಹೋಗುತ್ತಿದ್ದ ಗಾಡಿದಾರಿಯ ಪಕ್ಕ, ಅವಳಿಗೆ ಒಂದು ಪುಟ್ಟ ಬಿಲ್ಲೆ ಸಿಕ್ಕಿತು. ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಕಾಗದದಷ್ಟು ತೆಳು, ಮೇಲೆಲ್ಲ ಗಂಟುಗಂಟಾದ ಹಸಿರು. ಸಮುದ್ರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು, ಎಲ್ಲರೂ ಕಾರುಗಳ ಮರೆಯಲ್ಲಿ ನಿಂತು ಹಂದಿಮಾಂಸದ ಕಡುಬು ತಿನ್ನುತ್ತಿದ್ದರು. ಕ್ಲೈವ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಅವಳ ಅಂಗೈಗೆ ಹಾಕಿದ.

"ತಗಡು. ಬಿಸಾಕು."

"ತಗಡಾದ್ರೆ ನಂದೇ ತಗಡು" ಎಂದು ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿದಳು.

ಎಂಟು ತಿಂಗಳು ಹಿಡಿಯಿತು. ಮಾರ್ಚಿನಲ್ಲಿ ಒಂದು ಬದಿಯ ಅಂಚಿನಲ್ಲಿ ಚುಕ್ಕಿಗಳ ಬಳೆ ಕಾಣಿಸಿತು. ಜೂನಿನಲ್ಲಿ ನಡುವೆ ಒಂದು ಕೋಲು, ಕೋಲಿನಿಂದ ಇಳಿಬಿಟ್ಟ ಆರು ಗೀರು; ಮೇಣದಬತ್ತಿಗಳು ಎಂದು ಅವಳಿಗೆ ಹೊಳೆದದ್ದು ಎರಡು ವಾರದ ಮೇಲೆ. ಆಗಸ್ಟಿನಲ್ಲಿ ಸುತ್ತಲಿನ ಅಕ್ಷರಗಳಲ್ಲಿ 'ಟೂಕ್' ಎಂಬ ಮನೆತನದ ಹೆಸರು, ಆಮೇಲೆ ನಮ್ಮ ಊರಿನದೇ ಹೆಸರು, ಹಳೆಯ ಕಾಗುಣಿತದಲ್ಲಿ. ನನ್ನನ್ನು ಕರೆದು ತೋರಿಸಿದಳು. ನನಗೆ ಹಸಿರು ಮಚ್ಚೆ ಬಿಟ್ಟು ಏನೂ ಕಾಣಲಿಲ್ಲ. ಭೂತಗನ್ನಡಿಯನ್ನು ನನ್ನ ತಲೆಗೆ ಬಿಗಿದು, ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಕಂಡಿತು. ಅಷ್ಟು ಸಣ್ಣ ಅಕ್ಷರ ನಾನು ಜನ್ಮದಲ್ಲಿ ನೋಡಿರಲಿಲ್ಲ.

ಅಕ್ಟೋಬರಿನಲ್ಲಿ ಇನ್ನೊಂದು ಬದಿ ತೆರೆದುಕೊಂಡಿತು. 'ಅರ್ಧ ಪೆನ್ನಿ' ಎಂದಿತ್ತು. ಅದಕ್ಕೆ ಮುಂಚೆ ಒಂದು ಚಿಕ್ಕ ಪದ. ಅದು 'ಅವನ' ಅಲ್ಲ, 'ಅವಳ' ಎಂದು ಥೆಲ್ಮಾಳ ವಾದ. ಇಂಗ್ಲಿಷಿನಲ್ಲಿ ಎರಡೂ ಪದಗಳ ಮೊದಲ ಅಕ್ಷರ ಒಂದೇ. ಉಳಿದ ಎರಡರ ಮೇಲೆ ಇನ್ನೂ ತೆಳುವಾದ ಕಿಲುಬು ಕೂತಿತ್ತು. ಹೆಸರಿನ ಮೊದಲ ಭಾಗವೂ ಹಾಗೇ ಅರ್ಧ ಮುಚ್ಚಿತ್ತು.

ಆ ತಿಂಗಳ ಸಭೆಗೆ ಅದನ್ನು ತೆಗೆದುಕೊಂಡು ಹೋದಳು. ಚರ್ಚಿನ ಪಕ್ಕದ ಸಭಾಂಗಣ, ಸಂಜೆ ಆರು ಗಂಟೆ. ಅವತ್ತು ಕ್ಲೈವ್ ತನ್ನ ಡಬ್ಬಿ, ತಂತಿ, ಚಾರ್ಜರು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟಿದ್ದ, ಹೊಸಬರಿಗೆ ತೋರಿಸಲು. ಥೆಲ್ಮಾ ತನ್ನ ಬಿಲ್ಲೆ ತೋರಿಸಿ ತಾನು ಓದಿದ್ದನ್ನು ಹೇಳಿದಳು. ಅವನು ಚಾಳೀಸು ಏರಿಸಿ ನೋಡಿದ.

"ಟೂಕ್. ಸರಿ. ಥಾಮಸ್ ಟೂಕ್, ಮೇಣದಬತ್ತಿ ಮಾಡೋನು. ಮುನ್ನೂರೈವತ್ತು ವರ್ಷದ ಹಿಂದೆ ಅಂಗಡಿಯವ್ರು ಚಿಲ್ಲರೆ ಬದಲು ಕೊಡ್ತಿದ್ದ ಬಿಲ್ಲೆಗಳ ಪಟ್ಟಿ ನನ್ನ ಹತ್ರ ಇದೆ, ಅದರಲ್ಲಿ ಇದಾನೆ. ಇದು ಅವನ್ದೇ. 'ಅವನ ಅರ್ಧ ಪೆನ್ನಿ' ಅಂತ ಇರೋದು."

"ಥಾಮಸ್ ಅಲ್ಲ. ಮೊದಲ ಅಕ್ಷರಕ್ಕೆ ಎರಡು ಕಾಲಿದೆ, ನಡುವೆ ಒಂದು ಕಣಿವೆ ಇದೆ, 'ಎಂ' ಅದು. ಹೆಂಗಸಿನ ಹೆಸ್ರು ಅದು."

ಹಿಂದಿನ ಸಾಲಿನಿಂದ ಯಾರೋ, "ಥೆಲ್ಮಾ, ನಿನ್ನ ಕನ್ನಡಕ ಒರೆಸ್ಕೋ" ಎಂದರು. ನಗು ಎದ್ದಿತು.

ಕ್ಲೈವ್ ನಗಲಿಲ್ಲ. ಅವನು ಕೆಟ್ಟವನಲ್ಲ, ತನಗೆ ಗೊತ್ತಿದೆ ಎಂಬ ಭರವಸೆ ಹೆಚ್ಚು, ಅಷ್ಟೆ. ಡಬ್ಬಿಯ ಕಡೆ ಕೈ ತೋರಿಸಿದ.

"ಜಗಳ ಯಾಕೆ? ಐದು ನಿಮಿಷ ಇದಕ್ಕೆ ಬಿಡೋಣ. ಕಿಲುಬು ಹೋದ್ಮೇಲೆ ಎಲ್ರೂ ಓದ್ಬೋದು. ಕೊಡಿಲ್ಲಿ."

"ಕೊಡಲ್ಲ."

"ನೀನು ಹೇಳಿದ್ದು ನಿಜ ಆಗಿದ್ರೆ ಹೆದರಿಕೆ ಯಾಕೆ?"

ಅವಳು ಎದ್ದು ನಿಂತಳು. "ಐದು ನಿಮಿಷ ಆದ್ಮೇಲೆ ನಿನ್ನ ಡಬ್ಬೀಲಿ ಒಂದು ಬೋಳು ಬಿಲ್ಲೆ ಇರುತ್ತೆ. ಆಗ ನೀನು ಥಾಮಸ್ ಅಂತೀಯ, ನಾನು ಅಲ್ಲ ಅಂತೀನಿ, ಯಾರಿಗೂ ಏನೂ ಕಾಣಲ್ಲ. ಮುನ್ನೂರೈವತ್ತು ವರ್ಷ ಮಣ್ಣಲ್ಲಿ ತಡ್ಕೊಂಡು ಬಂದಿದಾಳೆ. ನಿನ್ನ ಉಪ್ಪುನೀರಲ್ಲಿ ಸಾಯೋಕಲ್ಲ."

"ಇದು ಸಂಘದ ಹುಡುಕಾಟದಲ್ಲಿ ಸಿಕ್ಕಿದ್ದು. ಸಂಘದ ನಿಯಮ ಅಂತ ಒಂದಿದೆ. ಅಧ್ಯಕ್ಷರು ಕೇಳಿದ್ರೆ ಪರೀಕ್ಷೆಗೆ ಕೊಡ್ಬೇಕು."

"ಹಾಗಾದ್ರೆ ಆ ನಿಯಮ ಮುರಿದೆ ಅಂತ ಬರ್ಕೊ. ನನ್ನ ಹೆಸ್ರಿನ ಕಾಗುಣಿತ ಸರಿಯಾಗಿ ಬರಿ, ಡೌಸ್."

ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ, ಕೋಟಿನ ಒಳಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡಳು. ಅಲ್ಲೇ ಕೈ ಎತ್ತಿಸಿದರು. ಹದಿನೇಳು ಕೈಗಳು ಅವಳನ್ನು ಸಂಘದಿಂದ ತೆಗೆಯಬೇಕೆಂದವು, ಮೂರು ಬೇಡವೆಂದವು, ಉಳಿದವರು ನೆಲ ನೋಡಿದರು. ಹೊರಗೆ ಬಂದು ಕಾರಿನಲ್ಲಿ ಕೂತೆವು. ಏನಾದರೂ ಹೇಳೋಣವೆಂದು ಬಾಯಿ ತೆರೆದೆ.

"ಮಾತಾಡ್ಬೇಡ" ಎಂದಳು. "ಗಾಡಿ ಓಡಿಸು."

ಅಲ್ಲಿಗೆ ಮುಗಿಯಲಿಲ್ಲ. ಮೂರು ದಿನದ ಮೇಲೆ ಹೊಲದೊಡೆಯ ವಿಲ್ಫ್ ಮಾಲ್ಟ್‌ಬಿ ಅವಳ ಮನೆಗೆ ಬಂದ. ಎತ್ತರದ ಆಳು, ಬೂಟಿನ ಮಣ್ಣು ಹೊಸ್ತಿಲಲ್ಲೇ ಕುಟ್ಟಿ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತ.

"ಕ್ಲೈವ್ ಬಂದಿದ್ದ. ನನ್ನ ಹೊಲದಲ್ಲಿ ಸಿಕ್ಕಿದ್ದು ಏನೋ ನಿನ್ನ ಹತ್ರ ಇದೆಯಂತೆ. ಕಾನೂನು ಪ್ರಕಾರ ಅದು ನಂದಂತೆ. ಕೇಳಿ ಇಸ್ಕೊ ಅಂದ."

"ಕಾನೂನು ಸರಿ. ಹೊಲ ನಿಂದು, ಇದೂ ನಿಂದೇ" ಎಂದು ಥೆಲ್ಮಾ ಬಿಲ್ಲೆಯನ್ನು ತಟ್ಟೆಯೊಂದರಲ್ಲಿ ಹತ್ತಿಯ ಮೇಲಿಟ್ಟು ಅವನ ಮುಂದೆ ಇಟ್ಟಳು. ಆದರೆ ತಟ್ಟೆಯ ಅಂಚಿನಿಂದ ಕೈ ತೆಗೆಯಲಿಲ್ಲ. "ನಿನ್ನ ಕಪಾಟಲ್ಲಿ ಇಟ್ಕೋತೀಯ, ತಗೊಂಡು ಹೋಗು. ಅವನ ಡಬ್ಬಿಗೆ ಹಾಕಿಸ್ತೀಯ, ಹೇಳಿಬಿಡು ವಿಲ್ಫ್. ಆಗ ನಾನು ಕೊಡಲ್ಲ. ಪೊಲೀಸರನ್ನ ಕರಿ, ಅವರಿಗೂ ಕೊಡಲ್ಲ."

ವಿಲ್ಫ್ ಸ್ವಲ್ಪ ಹೊತ್ತು ಅವಳ ಕೆಂಪು ಬೆರಳುಗಳನ್ನು ನೋಡಿದ.

"ಅದೇನದು ತಲೆಗೆ ಕಟ್ಕೊಳ್ಳೋದು? ಕೊಡಿಲ್ಲಿ."

ಅವನ ದೊಡ್ಡ ತಲೆಗೆ ಪಟ್ಟಿ ಸಾಲಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಅವನ ಹಿರಿಯರು ಆ ಹೊಲವನ್ನು ಆರು ತಲೆಮಾರು ಉತ್ತವರು.

"ಮೇಣದಬತ್ತಿ ಮಾರ್ತಿದ್ಲಾ?"

"ಹಾಗೇ ಕಾಣ್ಸುತ್ತೆ."

"ನಮ್ಮಜ್ಜಿ ಆ ಹೊಲಕ್ಕೆ ಬತ್ತಿಹೊಲ ಅಂತಿದ್ಲು. ಯಾಕೆ ಅಂತ ಯಾರಿಗೂ ಗೊತ್ತಿರ್ಲಿಲ್ಲ." ಭೂತಗನ್ನಡಿ ಕೆಳಗಿಟ್ಟು ಎದ್ದ. "ನೀನೇ ಇಟ್ಕೊ. ಯಾರಾದ್ರೂ ಓದು ಬಲ್ಲೋರಿಗೆ ತೋರ್ಸು. ಅಲ್ಲಿತನಕ ಕ್ಲೈವ್ ಮತ್ತೆ ಅವನ ಪಟಾಲಂ ನನ್ನ ಹೊಲಕ್ಕೆ ಕಾಲಿಡೋದು ಬೇಡ. ನೀನು ಬಾ, ಯಾವಾಗ ಬೇಕಾದ್ರೂ."

ನವೆಂಬರಿನಲ್ಲಿ ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲು ಮಾಡುವ ಅಧಿಕಾರಿ ಒಬ್ಬಳಿದ್ದಳು, ಇಮೋಜೆನ್ ಎಂದು, ಮೂವತ್ತರ ಆಸುಪಾಸು, ಎರಡು ಸ್ವೆಟರ್ ಹಾಕಿಕೊಂಡಿದ್ದಳು. ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬಗ್ಗಿದವಳು ಮೇಲೇಳಲಿಲ್ಲ.

"ಇದನ್ನ ಯಾರು ಶುಚಿ ಮಾಡಿದ್ದು ಮಿಸೆಸ್ ಡೌಸ್?"

"ನಾನೇ. ತಪ್ಪಾಗಿದ್ಯಾ?"

"ಯಾವುದರಲ್ಲಿ?"

"ಬೇಲಿಮುಳ್ಳಲ್ಲಿ. ಬ್ಯಾಟರಿ ನೀರಲ್ಲಿ."

ಇಮೋಜೆನ್ ತಲೆ ಎತ್ತಿದಳು. "ಮೇಲ್ಪದರ ಒಂದು ಕಡೇನೂ ಕಿತ್ತಿಲ್ಲ. ನಮ್ಮ ಪ್ರಯೋಗಾಲಯದಲ್ಲೂ ಇಷ್ಟು ತಾಳ್ಮೆ ಯಾರಿಗೂ ಇಲ್ಲ." ಆಮೇಲೆ ಬೆಳಕನ್ನು ಓರೆಯಾಗಿ ಬಿಟ್ಟಳು, ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಎದುರಿನ ಪರದೆಯ ಮೇಲೆ ಅಕ್ಷರಗಳು ಅಂಗೈಯಗಲ ಮೂಡಿದವು. ತೆಳುವಾದ ಕಿಲುಬಿನ ಒಳಗಿನಿಂದಲೇ, ನೆರಳಿನ ಹಾಗೆ, ಒಂದೊಂದೇ ಗೆರೆ ಎದ್ದು ಬಂತು. ಅವಳು ಗಟ್ಟಿಯಾಗಿ ಓದಿದಳು: "ಮಾರ್ಜರಿ ಟೂಕ್, ಥಾರ್ಸ್‌ಬೆಕ್. ಅವಳ ಅರ್ಧ ಪೆನ್ನಿ. ಸಾವಿರದ ಆರುನೂರ ಅರವತ್ತೇಳು."

ಥೆಲ್ಮಾ ಪರದೆಯ ಕಡೆ ಬಗ್ಗಿ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು. ಕೈಚೀಲ ತೊಡೆಯ ಮೇಲಿತ್ತು.

"ಥಾಮಸ್ ಅಂತ ಒಬ್ಬ ಇದ್ದ ಅಂತಾರಲ್ಲ, ಪಟ್ಟೀಲಿ?" ಎಂದು ನಾನು ಕೇಳಿದೆ.

"ನಿಮ್ಮೂರಿನ ಚರ್ಚಿನ ಹಳೆಯ ಜನನ-ಮರಣದ ಪುಸ್ತಕ ಇದರಲ್ಲಿದೆ" ಎನ್ನುತ್ತಾ ಇಮೋಜೆನ್ ಕಂಪ್ಯೂಟರಿನಲ್ಲಿ ಹುಡುಕಿದಳು. "ಇದ್ದ. ಸಾವಿರದ ಆರುನೂರ ಅರವತ್ತನಾಲ್ಕರಲ್ಲಿ ಮಣ್ಣಾಗಿದಾನೆ, ಹೆಂಡ್ತಿ ಮಾರ್ಜರಿ ಅಂತಿದೆ. ಇದನ್ನ ಅಚ್ಚು ಹಾಕ್ಸೋ ಹೊತ್ತಿಗೆ ಅವನು ಸತ್ತು ಮೂರು ವರ್ಷ. ಆಗ ಚಿಲ್ಲರೆಗೆ ದೇಶದಲ್ಲೆಲ್ಲ ಪರದಾಟ, ರಾಜ ಚಿಲ್ಲರೆ ಹೊಡೆಸ್ತಾ ಇರಲಿಲ್ಲ. ಅಂಗಡಿಯವ್ರು ತಮ್ಮ ಹೆಸ್ರಲ್ಲೇ ಹೊಡೆಸ್ಕೊಳ್ತಿದ್ರು. ಗಂಡನ ಅಚ್ಚು ಮನೇಲೇ ಇದ್ದಿರುತ್ತೆ, ಅದನ್ನೇ ಬಳಸ್ಬೋದಿತ್ತು. ಈಕೆ ಹೊಸ ಅಚ್ಚು ಕೊರೆಸಿದಾಳೆ."

"ಮತ್ತಿನ್ನೇನು, ಅಂಗಡಿ ನಡೆಸ್ತಿದ್ದೋಳು ಅವಳು" ಎಂದಳು ಥೆಲ್ಮಾ.

ಮನೆಗೆ ಬರುವ ದಾರಿಯಲ್ಲಿ ಅವಳು ಅಳುತ್ತಿದ್ದಳು. ನಾನು ಕೇಳಲಿಲ್ಲ. ನಾಲ್ಕೈದು ಮೈಲಿ ಕಳೆದ ಮೇಲೆ ಅವಳೇ ಹೇಳಿದಳು, ಇದು ಮಾರ್ಜರಿಗಾಗಿ ಅಲ್ಲ, ಲೆನ್‌ನ ಡಬ್ಬಿಯಲ್ಲಿದ್ದವರಿಗಾಗಿ ಎಂದು. ಅವುಗಳಲ್ಲಿ ಯಾರ್ಯಾರ ಹೆಸರಿತ್ತೋ, ತಾನು ಒಂದು ಮಧ್ಯಾಹ್ನದಲ್ಲಿ ಎಲ್ಲರನ್ನೂ ಒರೆಸಿಬಿಟ್ಟೆ ಎಂದು.

ವಸ್ತುಸಂಗ್ರಹಾಲಯದ ದಾಖಲೆ ಪ್ರಕಟವಾದ ವಾರವೇ ಕ್ಲೈವ್ ಬಂದ. ವಿಲ್ಫ್‌ನ ಹೊಲ ಸಂಘಕ್ಕೆ ಇದ್ದ ಹೊಲಗಳಲ್ಲೆಲ್ಲ ಒಳ್ಳೆಯದು. ಅದು ಕೈತಪ್ಪಿದ ಮೇಲೆ ಸದಸ್ಯರು ಗೊಣಗತೊಡಗಿದ್ದರು. ಹೊಸ್ತಿಲ ಹೊರಗೇ ನಿಂತು, "ಆಗಿದ್ದಾಯ್ತು ಥೆಲ್ಮಾ. ವಾಪಸ್ ಬಾ. ವಿಲ್ಫ್‌ಗೂ ಒಂದು ಮಾತು ಹೇಳು" ಎಂದ.

"ನಾನು ಓದಿದ್ದು ಸರಿ ಅಂತ ನೀನು ಹೇಳ್ಲಿಲ್ಲ."

"ಸರಿ ಇತ್ತು. ಈಗ ಹೇಳ್ದೆನಲ್ಲ."

"ಇಲ್ಲಿ ನನ್ನ ಚಾಪೆ ಮೇಲೆ ಹೇಳಿದ್ರೆ ಆಗಲ್ಲ. ನಕ್ಕಿದ್ದು ಅಲ್ಲಿ, ಕೈ ಎತ್ತಿದ್ದು ಅಲ್ಲಿ. ಅಲ್ಲೇ ಹೇಳು."

ಅವನ ಕಿವಿ ಕೆಂಪಾಯಿತು. ಹೋದ. ಆದರೆ ಡಿಸೆಂಬರಿನ ಸಭೆಯಲ್ಲಿ ಎದ್ದು ನಿಂತು ಹೇಳಿದ. ಅದರ ಮೆಚ್ಚುಗೆ ಅವನಿಗೆ ಸಲ್ಲಬೇಕು. ಕಾಗದ ನೋಡಿಕೊಂಡು, ತೊದಲುತ್ತಾ, ತಾನು ತಪ್ಪು ಓದಿದ್ದೆ, ಡಬ್ಬಿಗೆ ಹಾಕಿದ್ದರೆ ಅದು ಹಾಳಾಗುತ್ತಿತ್ತು ಎಂದ. ಥೆಲ್ಮಾ ಕೋಟು ಬಿಚ್ಚದೆ ಬಾಗಿಲ ಬಳಿ ನಿಂತು ಕೇಳಿದಳು. ಅವನು ಕೂತ ಮೇಲೆ, ಸದಸ್ಯತ್ವದ ಅರ್ಜಿಯನ್ನು ಯಾರೋ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಹಿಂದಿರುಗಿಸಿದಳು.

"ಬೇಡ. ಒಬ್ಬಳೇ ಹುಡುಕಿ ಅಭ್ಯಾಸ ಆಗಿದೆ. ವಿಲ್ಫ್ ಹೊಲಕ್ಕೆ ನೀವು ಬನ್ನಿ, ನಾನು ಅವನಿಗೆ ಹೇಳಿದೀನಿ. ಸಿಕ್ಕಿದ್ದನ್ನ ತಿಕ್ಕೋಕೆ ಮುಂಚೆ ನನ್ನ ಹತ್ರ ತನ್ನಿ, ಅಷ್ಟೆ. ಬುಧವಾರ ಮಧ್ಯಾಹ್ನ ಮನೇಲಿರ್ತೀನಿ."

ಮೊದಲ ಬುಧವಾರ ಯಾರೂ ಬರಲಿಲ್ಲ. ಎರಡನೆಯದಕ್ಕೆ ಇಬ್ಬರು ಬಂದರು. ಈಗ ಅವಳ ಅಡುಗೆಮನೆಯಲ್ಲಿ ಕುರ್ಚಿ ಸಾಲದೆ ನಮ್ಮ ಮನೆಯಿಂದ ಒಯ್ಯುತ್ತಾರೆ. ಐವತ್ತು ದಾಟಿದ ಗಂಡಸರು ಸಾಲಾಗಿ ಕೂತು, ನಾಲಿಗೆ ಕಚ್ಚಿಕೊಂಡು, ಮುಳ್ಳಿನಿಂದ ಗೀರುತ್ತಿರುತ್ತಾರೆ. ಥೆಲ್ಮಾ ಹಿಂದೆ ನಿಂತು "ಒತ್ಬೇಡ, ಒತ್ಬೇಡ, ಅದೇನು ಬಾಣಲೇನಾ" ಎಂದು ಗದರುತ್ತಾಳೆ.

ವಿಲ್ಫ್ ಬಿಲ್ಲೆಯನ್ನು ಪಕ್ಕದ ಪಟ್ಟಣದ ಗ್ರಂಥಾಲಯಕ್ಕೆ ಕೊಟ್ಟ. ಬಾಗಿಲ ಹತ್ತಿರದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಇಟ್ಟ ದಿನ ನಾವಿಬ್ಬರೂ ನೋಡಲು ಹೋದೆವು. ಪಕ್ಕದಲ್ಲಿ ಅಚ್ಚು ಮಾಡಿದ ಚೀಟಿ: ಸ್ಥಳೀಯ ಸಂಘದ ಸದಸ್ಯರೊಬ್ಬರಿಗೆ ದೊರೆತದ್ದು.

ಥೆಲ್ಮಾ ಅದನ್ನು ಎರಡು ಸಲ ಓದಿದಳು. ಮೇಜಿನ ಹಿಂದಿದ್ದ ಯುವತಿಯ ಬಳಿ ಹೋಗಿ, "ಆ ಚೀಟಿ ಬದಲಾಯಿಸ್ಬೇಕು" ಎಂದಳು.

"ಮೇಲಿನವ್ರಿಗೆ ಮನವಿ ಕೊಡಿ, ಮುಂದಿನ ತಿಂಗಳು ನೋಡ್ತಾರೆ."

"ಪರವಾಗಿಲ್ಲ, ಕಾಯ್ತೀನಿ."

ಕೋಟು ಬಿಚ್ಚಿ, ಗಾಜಿನ ಪೆಟ್ಟಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಚೀಲದಿಂದ ಚೀಸಿನ ಸ್ಯಾಂಡ್‌ವಿಚ್ ತೆಗೆದಳು. ಬಂದು ಹೋಗುವವರೆಲ್ಲ ಪೆಟ್ಟಿಗೆ ನೋಡುವಾಗ, "ಅದು ಸುಳ್ಳು, ಸಿಕ್ಕಿದ್ದು ನಂಗೆ" ಎಂದು ಒಬ್ಬೊಬ್ಬರಿಗೂ ಮೆಲ್ಲಗೆ ಹೇಳಿದಳು. ನಾಲ್ಕು ಗಂಟೆಯ ಹೊತ್ತಿಗೆ ಆ ಯುವತಿ ಒಳಗೆ ಹೋಗಿ ಯಾರ ಹತ್ತಿರವೋ ಮಾತಾಡಿ ಬಂದಳು.

"ಏನಂತ ಬರೀಲಿ, ಹೇಳಿ."

ಥೆಲ್ಮಾ ಎದ್ದು ಹೋಗಿ ಅವಳ ಹೆಗಲ ಮೇಲಿಂದ ಬಗ್ಗಿ ಪ್ರತಿ ಅಕ್ಷರವನ್ನೂ ನೋಡುತ್ತಾ ಹೇಳಿದಳು: "ಹೊಡೆಸಿದ್ದು, ಮಾರ್ಜರಿ ಟೂಕ್. ಸಿಕ್ಕಿದ್ದು, ಥೆಲ್ಮಾ ಡೌಸ್‌ಗೆ. ಶುಚಿ ಮಾಡಿದ್ದೂ ಅವಳೇ."

ಹೊಸ ಚೀಟಿಯನ್ನು ಒಳಗಿಟ್ಟು ಗಾಜು ಮುಚ್ಚುವವರೆಗೂ ಅವಳು ಕೋಟು ಹಾಕಿಕೊಳ್ಳಲಿಲ್ಲ.